ನೆಟ್‌ವರ್ಕ್ ದಟ್ಟಣೆಗೆ ಗಣಿತ ಮಾದರಿ ಕಟ್ಟುವುದು ಹೇಗೆ: ಒಂದೇ ಲಿಂಕ್‌ನಿಂದ ಆರಂಭ

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎರಡು ಸ್ಥಳಗಳ ನಡುವಿನ ಅಂತರ ಸುಮಾರು 400 ಗಜ ಮಾತ್ರ. ದತ್ತಾಂಶವನ್ನು ಹೊತ್ತ ತುಣುಕುಗಳಾದ ಪ್ಯಾಕೆಟ್‌ಗಳು ಸಾಲಾಗಿ ಕಾಯುವ ಜಾಗಗಳು, ಅಂದರೆ ಬಫರ್‌ಗಳು, ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು. ಉತ್ತರ ಬಾರದ್ದನ್ನು ಕಂಡ ಕಂಪ್ಯೂಟರ್‌ಗಳು ಅವೇ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದವು. ಹೀಗಾಗಿ ಲಿಂಕ್ ಬಿಡುವಿಲ್ಲದೆ ದುಡಿಯುತ್ತಿದ್ದರೂ ಉಪಯೋಗಕ್ಕೆ ಬರುವ ದತ್ತಾಂಶ ಮಾತ್ರ ಆಚೆ ದಡ ಸೇರುತ್ತಿರಲಿಲ್ಲ. ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕಾರೆಲ್ಸ್ ಈ ಕುಸಿತದ ಬೆನ್ನುಹತ್ತಿ, ಅಂತರಜಾಲದಲ್ಲಿ ದತ್ತಾಂಶ ಕಳುಹಿಸುವ ನಿಯಮಾವಳಿಯಾದ ಟಿಸಿಪಿಗೆ ಸೇರಿಸಿದ ನಿಯಮಗಳನ್ನು 1988ರಲ್ಲಿ ಪ್ರಕಟಿಸಲಾಯಿತು. ಅಂದು ಆ ನಿಯಮಗಳು ಕೆಲಸ ಮಾಡಿದವು. ಅವು ಏಕೆ ಕೆಲಸ ಮಾಡುತ್ತವೆ, ಎಲ್ಲಿಯವರೆಗೆ ಕೆಲಸ ಮಾಡುತ್ತವೆ ಎಂಬುದನ್ನು ಗಣಿತದ ಭಾಷೆಯಲ್ಲಿ ಹೇಳಲು ಇನ್ನೂ ಹತ್ತು ಹದಿನೈದು ವರ್ಷ ಬೇಕಾಯಿತು.

ಈ ಲೇಖನದ ಉದ್ದೇಶ ಅಂಥ ಒಂದು ಮಾದರಿಯನ್ನು ಓದುಗರು ತಾವೇ ಕಟ್ಟಿ, ಕೈಲೆಕ್ಕದಿಂದ ಪರೀಕ್ಷಿಸಿ, ಸಣ್ಣದೊಂದು ಪ್ರೋಗ್ರಾಂನಲ್ಲಿ ಓಡಿಸಿ ನೋಡುವಂತೆ ಮಾಡುವುದು. ಪಿಯುಸಿ ಮಟ್ಟದ ಕಲನಶಾಸ್ತ್ರ ಮತ್ತು ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆಯ ಪರಿಚಯ ಇದ್ದರೆ ಸಾಕು. ನೂರು ರೌಟರ್‌ಗಳ ನಕ್ಷೆ ಬರೆದು ಆರಂಭಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಹಾಗೆ ಮಾಡಬಾರದು. ಒಂದು ಲಿಂಕ್, ಒಂದು ಬಫರ್, ಅದರ ಮೂಲಕ ಹಾದುಹೋಗುವ ಕೆಲವು ಹರಿವುಗಳು (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸಾಗುವ ಪ್ಯಾಕೆಟ್‌ಗಳ ಧಾರೆಯೇ ಒಂದು ಹರಿವು), ಇಷ್ಟನ್ನು ಸರಿಯಾಗಿ ಬರೆದವರಿಗೆ ದೊಡ್ಡ ಜಾಲದ ಮುಖ್ಯ ಗುಣಗಳೆಲ್ಲ ಅದರಲ್ಲಿಯೇ ಕಾಣಸಿಗುತ್ತವೆ.

ಮೊದಲು ಪ್ರಶ್ನೆ, ಆಮೇಲೆ ಏಕಮಾನ

ಮಾದರಿ ಕಟ್ಟುವ ಮುನ್ನ ಅದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಬೇಕು. "ಬಫರ್ ಎಷ್ಟು ದೊಡ್ಡದಿರಬೇಕು?", "ಎರಡು ಹರಿವುಗಳಿಗೆ ಎಷ್ಟೆಷ್ಟು ಪಾಲು ಸಿಗುತ್ತದೆ?", "ಬಫರ್‌ನಲ್ಲಿ ಕಾಯುವ ಸಾಲಿನ ಉದ್ದ ಒಂದು ಮಟ್ಟದಲ್ಲಿ ನಿಲ್ಲುತ್ತದೆಯೇ ಅಥವಾ ಏರಿಳಿಯುತ್ತಲೇ ಇರುತ್ತದೆಯೇ?" ಎಂಬ ಮೂರು ಪ್ರಶ್ನೆಗಳಿಗೆ ಬೇಕಾದ ಮಾದರಿಗಳು ಬೇರೆ ಬೇರೆ. ಒಂದೇ ಮಾದರಿಯಿಂದ ಎಲ್ಲವನ್ನೂ ಹೇಳಿಸಲು ಹೊರಟರೆ ಅದು ಏನನ್ನೂ ಖಚಿತವಾಗಿ ಹೇಳದೆ ಹೋಗುತ್ತದೆ.

ಅನಂತರದ ಕೆಲಸ ಎಲ್ಲ ಅಳತೆಗಳನ್ನೂ ಪ್ಯಾಕೆಟ್ ಮತ್ತು ಸೆಕೆಂಡ್ ಎಂಬ ಎರಡೇ ಏಕಮಾನಗಳಿಗೆ ತರುವುದು. ಈ ಹೆಜ್ಜೆ ಸಣ್ಣದಾಗಿ ಕಂಡರೂ, ವಿದ್ಯಾರ್ಥಿಗಳ ಮಾದರಿಗಳಲ್ಲಿ ನಾನು ಕಂಡಿರುವ ತಪ್ಪುಗಳಲ್ಲಿ ಹೆಚ್ಚಿನವು ಬಿಟ್ ಮತ್ತು ಬೈಟ್‌ಗಳನ್ನು ಬೆರೆಸಿದ್ದರಿಂದಲೇ ಹುಟ್ಟಿದಂಥವು. ಈ ಲೇಖನದುದ್ದಕ್ಕೂ ನಾವು ಬಳಸುವ ಉದಾಹರಣೆ ಇದು: ಲಿಂಕ್‌ನ ಸಾಮರ್ಥ್ಯ ಸೆಕೆಂಡಿಗೆ 100 ಮೆಗಾಬಿಟ್, ಪ್ಯಾಕೆಟ್‌ನ ಗಾತ್ರ 1500 ಬೈಟ್, ಸಾಲು ಖಾಲಿಯಿರುವಾಗ ಪ್ಯಾಕೆಟ್ ಹೋಗಿ ಅದರ ಸ್ವೀಕೃತಿ ಹಿಂತಿರುಗಲು ಬೇಕಾಗುವ ಸಮಯ 60 ಮಿಲಿಸೆಕೆಂಡ್. ಒಂದು ಪ್ಯಾಕೆಟ್‌ನಲ್ಲಿ 12,000 ಬಿಟ್‌ಗಳಿರುವುದರಿಂದ ಸಾಮರ್ಥ್ಯ ಸೆಕೆಂಡಿಗೆ ಸುಮಾರು 8,333 ಪ್ಯಾಕೆಟ್. ಇದನ್ನು 0.06ರಿಂದ ಗುಣಿಸಿದರೆ 500 ಬರುತ್ತದೆ. ಈ 500ನ್ನು ದಾರಿಯ ಹಿಡಿತ ಎನ್ನೋಣ: ಸಾಲು ಬೆಳೆಯದಂತೆ, ಲಿಂಕ್ ಬಿಡುವಾಗಿಯೂ ಇರದಂತೆ ದಾರಿಯಲ್ಲಿ ಏಕಕಾಲಕ್ಕೆ ಇರಬಹುದಾದ ಪ್ಯಾಕೆಟ್‌ಗಳ ಸಂಖ್ಯೆ ಅದು. ಮುಂದಿನ ಪ್ರತಿಯೊಂದು ಲೆಕ್ಕವೂ ಈ ಸಂಖ್ಯೆಗೆ ಮರಳಿ ಬರುತ್ತದೆ.

ಸಾಲಿನ ಸಮೀಕರಣ

ಬಫರ್‌ನೊಳಗೆ ಬಂದದ್ದು ಹೊರಹೋಗಬೇಕು, ಇಲ್ಲವೇ ಅಲ್ಲಿಯೇ ಉಳಿಯಬೇಕು, ಇಲ್ಲವೇ ಬಿದ್ದುಹೋಗಬೇಕು. ಈ ಲೆಕ್ಕವನ್ನು ಹೀಗೆ ಬರೆಯುತ್ತೇವೆ:

ಸಾಲಿನ ಉದ್ದ ಬದಲಾಗುವ ದರ = ಎಲ್ಲ ಹರಿವುಗಳ ಕಳುಹಿಸುವ ದರಗಳ ಮೊತ್ತ − ಲಿಂಕ್‌ನ ಸಾಮರ್ಥ್ಯ

ಇದಕ್ಕೆ ಎರಡು ಗಡಿಗಳಿವೆ. ಸಾಲು ಶೂನ್ಯಕ್ಕಿಂತ ಕೆಳಗಿಳಿಯುವಂತಿಲ್ಲ. ಬಫರ್‌ನ ಗಾತ್ರವನ್ನು ಮೀರುವಂತಿಲ್ಲ, ಮೀರುವಷ್ಟು ಬಂದದ್ದು ನಷ್ಟ. ಜೊತೆಗೆ ಇನ್ನೊಂದು ಸಂಬಂಧ:

ಹೋಗಿಬರುವ ಸಮಯ = 0.06 + (ಸಾಲಿನ ಉದ್ದ ÷ 8,333)

ಪ್ರತಿ ಹರಿವಿನ ಕಳುಹಿಸುವ ದರ ಎಂದರೆ ಅದರ ವಿಂಡೊವನ್ನು ಹೋಗಿಬರುವ ಸಮಯದಿಂದ ಭಾಗಿಸಿದಷ್ಟು. ವಿಂಡೊ ಎಂದರೆ ಸ್ವೀಕೃತಿ ಬರುವ ಮೊದಲೇ ಕಳುಹಿಸಲು ಅನುಮತಿಯಿರುವ ಪ್ಯಾಕೆಟ್‌ಗಳ ಸಂಖ್ಯೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಸಾಲು ಉದ್ದವಾದಂತೆ ಹೋಗಿಬರುವ ಸಮಯ ಹೆಚ್ಚಿ, ವಿಂಡೊ ಬದಲಾಗದೆಯೂ ದರ ತಾನಾಗಿಯೇ ತಗ್ಗುತ್ತದೆ. ಹಳೆಯ ಪ್ಯಾಕೆಟ್ ಹೊರಬಿದ್ದ ಮೇಲಷ್ಟೇ ಹೊಸದು ಒಳಬರಬೇಕು ಎಂಬ ಜೇಕಬ್‌ಸನ್‌ರ ತತ್ವ ಸಮೀಕರಣದೊಳಗೆ ಹೀಗೆ ಸೇರಿಕೊಂಡಿದೆ. ದರವನ್ನು ವಿಂಡೊದಿಂದ ಬೇರ್ಪಡಿಸಿ ಸ್ವತಂತ್ರ ಸಂಖ್ಯೆಯಾಗಿ ಬರೆದರೆ ಈ ಸಹಜ ಸಂಯಮ ಕಳೆದುಹೋಗಿ, ಮಾದರಿಯ ಸಾಲು ನಿಜದ ಸಾಲಿಗಿಂತ ಬಹಳ ವೇಗವಾಗಿ ಬೆಳೆಯುತ್ತದೆ.

ವಿಂಡೊದ ಹಲ್ಲುಗಳು: ಒಂದೇ ಹರಿವಿನ ಲೆಕ್ಕ

ಟಿಸಿಪಿ ರೀನೊ ಎಂಬ ಹಳೆಯ ರೂಪದ ನಿಯಮ ಸರಳವಾದದ್ದು. ನಷ್ಟವಿಲ್ಲದೆ ಒಂದು ಸುತ್ತು, ಅಂದರೆ ಒಂದು ಹೋಗಿಬರುವ ಸಮಯ, ಮುಗಿದರೆ ವಿಂಡೊವನ್ನು 1ರಷ್ಟು ಹೆಚ್ಚಿಸು. ನಷ್ಟ ಕಂಡರೆ ಅರ್ಧಕ್ಕೆ ಇಳಿಸು. ಹೀಗೆ ನಿಧಾನವಾಗಿ ಏರಿ ಥಟ್ಟನೆ ಇಳಿಯುವ ವಿಂಡೊದ ನಕ್ಷೆ ಗರಗಸದ ಹಲ್ಲುಗಳಂತೆ ಕಾಣುತ್ತದೆ, ಒಂದು ಏರಿಳಿತ ಒಂದು ಹಲ್ಲು. ಪ್ರೋಗ್ರಾಂ ಬರೆಯುವ ಮೊದಲು ಇದನ್ನು ಕಾಗದದ ಮೇಲೆ ಬಿಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಪ್ರೋಗ್ರಾಂನ ಉತ್ತರ ಸರಿಯೇ ತಪ್ಪೇ ಎಂದು ತಿಳಿಯಲು ಮುಂದೆ ನಮ್ಮ ಬಳಿ ಇರುವ ಒರೆಗಲ್ಲು ಈ ಕೈಲೆಕ್ಕವೇ.

ಬಫರ್‌ನಲ್ಲಿ 500 ಪ್ಯಾಕೆಟ್‌ಗಳಿಗೆ ಜಾಗವಿದೆ ಎಂದುಕೊಳ್ಳೋಣ. ದಾರಿಯಲ್ಲಿ 500, ಬಫರ್‌ನಲ್ಲಿ 500. ವಿಂಡೊ 1000 ತಲುಪಿದಾಗ ಬಫರ್ ತುಂಬಿ ನಷ್ಟವಾಗುತ್ತದೆ, ವಿಂಡೊ 500ಕ್ಕೆ ಇಳಿಯುತ್ತದೆ. 500 ಎಂದರೆ ದಾರಿಯ ಹಿಡಿತವೇ ಆದ್ದರಿಂದ ಸಾಲು ಖಾಲಿಯಾದರೂ ಲಿಂಕ್ ಬಿಡುವಾಗುವುದಿಲ್ಲ. ಬಫರ್ ದಾರಿಯ ಹಿಡಿತದಷ್ಟಿರಬೇಕು ಎಂಬ ಹಳೆಯ ನಿಯಮದ ಹಿಂದಿರುವುದು ಇಷ್ಟೇ ತರ್ಕ. ಬಫರ್ ಇಲ್ಲವೇ ಇಲ್ಲ ಎಂದಾದರೆ ವಿಂಡೊ 250 ಮತ್ತು 500ರ ನಡುವೆ ಓಡಾಡುತ್ತ, ಸರಾಸರಿ 375ರಲ್ಲಿ, ಲಿಂಕ್‌ನ ಶೇ. 75ರಷ್ಟನ್ನು ಮಾತ್ರ ಬಳಸುತ್ತದೆ.

500ರಿಂದ 1000ಕ್ಕೆ ಏರಲು 500 ಸುತ್ತುಗಳು ಬೇಕು, ಪ್ರತಿ ಸುತ್ತಿನ ಸಮಯ ಆಗಿನ ವಿಂಡೊವನ್ನು 8,333ರಿಂದ ಭಾಗಿಸಿದಷ್ಟು. ಕೂಡಿಸಿದರೆ 45 ಸೆಕೆಂಡ್. ಆ ಅವಧಿಯಲ್ಲಿ ಸಾಗಿದ ಪ್ಯಾಕೆಟ್‌ಗಳನ್ನು ಎರಡು ದಾರಿಯಿಂದ ಎಣಿಸಿ ನೋಡಿ: ಸಾಮರ್ಥ್ಯ ಗುಣಿಸು ಸಮಯ ಎಂದರೆ 8,333 × 45, ಸುಮಾರು 3,75,000, ಸರಾಸರಿ ವಿಂಡೊ ಗುಣಿಸು ಸುತ್ತುಗಳ ಸಂಖ್ಯೆ ಎಂದರೆ 750 × 500, ಅದೂ 3,75,000. ಎರಡು ಬೇರೆ ದಾರಿಗಳು ಒಂದೇ ಊರಿಗೆ ತಲುಪಿದಾಗ ಮಾತ್ರ ಮುಂದಿನ ಹೆಜ್ಜೆ ಇಡಬೇಕು.

3,75,000 ಪ್ಯಾಕೆಟ್‌ಗಳಿಗೆ ಒಂದು ನಷ್ಟ. ಸಾಮಾನ್ಯ ರೂಪದಲ್ಲಿ, ಹಲ್ಲಿನ ತುದಿಯ ವಿಂಡೊವನ್ನು ವರ್ಗ ಮಾಡಿ 3/8ರಿಂದ ಗುಣಿಸಿದರೆ ಎರಡು ನಷ್ಟಗಳ ನಡುವಿನ ಪ್ಯಾಕೆಟ್‌ಗಳ ಸಂಖ್ಯೆ ಸಿಗುತ್ತದೆ. ಇದನ್ನು ತಿರುಗಿಸಿ ಬರೆದರೆ ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರ ಬರುತ್ತದೆ:

ಸರಾಸರಿ ವಿಂಡೊ = 1.22 ÷ √(ನಷ್ಟದ ಪ್ರಮಾಣ)

ಈ ಒಂದು ಸೂತ್ರದಿಂದ ಎಷ್ಟೆಲ್ಲ ತಿಳಿಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ನಷ್ಟ ನಾಲ್ಕು ಪಟ್ಟಾದರೆ ವೇಗ ಅರ್ಧವಾಗುತ್ತದೆ. ವಿಂಡೊವನ್ನು ಹೋಗಿಬರುವ ಸಮಯದಿಂದ ಭಾಗಿಸಿದರೆ ದರ ಸಿಗುವುದರಿಂದ, ಒಂದೇ ಪ್ರಮಾಣದ ನಷ್ಟ ಅನುಭವಿಸುವ ಎರಡು ಹರಿವುಗಳಲ್ಲಿ 30 ಮಿಲಿಸೆಕೆಂಡಿನದು 150 ಮಿಲಿಸೆಕೆಂಡಿನದಕ್ಕಿಂತ ಐದು ಪಟ್ಟು ಪಾಲು ಪಡೆಯುತ್ತದೆ. ದೂರದವರಿಗೆ ಅನ್ಯಾಯ ಎಂಬುದು ನಿಯಮದ ರಚನೆಯಲ್ಲಿಯೇ ಇದೆ.

ಸಾಮರ್ಥ್ಯವನ್ನು ಸೆಕೆಂಡಿಗೆ 10 ಗಿಗಾಬಿಟ್‌ಗೆ ಏರಿಸಿ, ಬಫರನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಇದೇ ಲೆಕ್ಕ ಮಾಡಿದರೆ, ಒಂದು ಹಲ್ಲಿನ ಅವಧಿ 45 ಸೆಕೆಂಡಿನಿಂದ 4,500 ಸೆಕೆಂಡಿಗೆ, ಅಂದರೆ ಒಂದೂಕಾಲು ಗಂಟೆಗೆ ಬೆಳೆಯುತ್ತದೆ. ಒಂದು ಪ್ಯಾಕೆಟ್ ಕಳೆದುಹೋದುದಕ್ಕೆ ಒಂದೂಕಾಲು ಗಂಟೆಯ ಶಿಕ್ಷೆ ಯಾರೂ ಒಪ್ಪುವಂಥದಲ್ಲ. 2006ರಿಂದ ಲಿನಕ್ಸ್‌ನಲ್ಲಿ ಮೊದಲ ಆಯ್ಕೆಯಾಗಿರುವ ಕ್ಯೂಬಿಕ್ ಎಂಬ ಟಿಸಿಪಿ ರೂಪ, ಇಳಿಕೆಯನ್ನು ಶೇ. 30ಕ್ಕೆ ಸೀಮಿತಗೊಳಿಸಿ, ಏರಿಕೆಯನ್ನು ಸುತ್ತುಗಳ ಬದಲು ಗಡಿಯಾರದ ಸಮಯದ ಘನಕ್ಕೆ ಜೋಡಿಸುತ್ತದೆ. ಅದರ ಸೂತ್ರದಂತೆ ಹಳೆಯ ತುದಿಗೆ ಮರಳಲು ಬೇಕಾದ ಸಮಯ, ತುದಿಯ ವಿಂಡೊವನ್ನು 0.75ರಿಂದ ಗುಣಿಸಿ ಘನಮೂಲ ತೆಗೆದಷ್ಟು ಸೆಕೆಂಡ್. 1000ಕ್ಕೆ ಅದು ಸುಮಾರು 9 ಸೆಕೆಂಡ್. 10 ಗಿಗಾಬಿಟ್‌ನ 1,00,000ಕ್ಕೆ ಸುಮಾರು 42 ಸೆಕೆಂಡ್.

ಹಲವು ಹರಿವುಗಳು ಮತ್ತು ಹಳೆಯ ಸುದ್ದಿ

ಒಂದೆರಡು ಹರಿವುಗಳಿರುವಾಗ ಮೇಲಿನಂತೆ ಹಲ್ಲು ಹಲ್ಲಾಗಿ ಲೆಕ್ಕ ಹಾಕುವುದೇ ಸರಿ. ಹತ್ತಾರು ಹರಿವುಗಳು ಸೇರಿದಾಗ ಒಂದರ ಏರು ಇನ್ನೊಂದರ ಇಳಿವಿನೊಂದಿಗೆ ಬೆರೆಯುವುದರಿಂದ ಸರಾಸರಿ ವಿಂಡೊವನ್ನು ನಯವಾಗಿ ಬದಲಾಗುವ ಪ್ರಮಾಣವೆಂದು ಭಾವಿಸಿ ಅವಕಲ ಸಮೀಕರಣ ಬರೆಯಬಹುದು. ವಿಶಾಲ್ ಮಿಶ್ರಾ, ವೈಬೊ ಗಾಂಗ್ ಮತ್ತು ಡಾನ್ ಟೌಸ್ಲಿ 2000ದಲ್ಲಿ ಕೊಟ್ಟ ರೂಪ ಇದು:

ವಿಂಡೊ ಬದಲಾಗುವ ದರ = 1 ÷ (ಈಗಿನ ಹೋಗಿಬರುವ ಸಮಯ) − (ಈಗಿನ ವಿಂಡೊ ÷ 2) × (ಒಂದು ಸುತ್ತು ಹಿಂದಿನ ಕಳುಹಿಸುವ ದರ) × (ಒಂದು ಸುತ್ತು ಹಿಂದಿನ ನಷ್ಟದ ಪ್ರಮಾಣ)

ಮೊದಲ ಪದ ಸುತ್ತಿಗೆ ಒಂದರಂತೆ ಏರುವುದನ್ನು ಹೇಳುತ್ತದೆ. ಎರಡನೆಯದು, ಸೆಕೆಂಡಿಗೆ ಎಷ್ಟು ನಷ್ಟಗಳು ಕಂಡುಬರುತ್ತವೆಯೋ ಅಷ್ಟು ಸಲ ವಿಂಡೊದ ಅರ್ಧ ಕಳೆಯುವುದನ್ನು ಹೇಳುತ್ತದೆ. ಸಮತೋಲನದಲ್ಲಿ ಎರಡೂ ಸಮವಾಗುತ್ತವೆ, ಆಗ ವಿಂಡೊದ ವರ್ಗ ಗುಣಿಸು ನಷ್ಟದ ಪ್ರಮಾಣ 2ಕ್ಕೆ ಸಮ. ಅಂದರೆ ಸೂತ್ರದಲ್ಲಿ 1.22ರ ಬದಲು 1.41 ಬರುತ್ತದೆ. ಇದನ್ನು ತಪ್ಪೆಂದು ತಿಳಿದು ಗಾಬರಿಯಾಗಬೇಕಿಲ್ಲ. ಹಲ್ಲಿನ ಲೆಕ್ಕದಲ್ಲಿ ನಷ್ಟಗಳು ಸಮಾನ ಅಂತರದಲ್ಲಿ ಬರುತ್ತವೆ ಎಂದುಕೊಂಡಿದ್ದೆವು, ಇಲ್ಲಿ ಹಾಗಲ್ಲ. ಯಾವ ಊಹೆಯ ಮೇಲೆ ಯಾವ ಸ್ಥಿರಾಂಕ ನಿಂತಿದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಈ ಸಮೀಕರಣದ ಜೀವ ಇರುವುದು "ಒಂದು ಸುತ್ತು ಹಿಂದಿನ" ಎಂಬ ಮಾತಿನಲ್ಲಿ. ಅಣೆಕಟ್ಟಿನ ತೂಬಿನ ಬಳಿ ಇರುವವರಿಗೆ ಕಾಲುವೆಯ ಕೊನೆಯಲ್ಲಿ ನೀರು ಸಾಲದು ಎಂಬ ಸುದ್ದಿ ತಡವಾಗಿ ಬಂದರೆ, ಅವರು ತೂಬನ್ನು ಇನ್ನಷ್ಟು ಎತ್ತುತ್ತಾರೆ. ಅಷ್ಟರಲ್ಲಿ ಮೊದಲು ಬಿಟ್ಟ ನೀರೇ ಕೊನೆಭಾಗವನ್ನು ತಲುಪಿ, ಹಿಂದೆಯೇ ಬಂದ ಹೆಚ್ಚುವರಿ ನೀರು ಗದ್ದೆಯ ಬದುವನ್ನು ಮೀರುತ್ತದೆ. ಕಳುಹಿಸುವ ಕಂಪ್ಯೂಟರ್‌ನ ಸ್ಥಿತಿಯೂ ಇದೇ. ಅದಕ್ಕೆ ತಿಳಿಯುವುದು ಯಾವಾಗಲೂ ಒಂದು ಸುತ್ತು ಹಳೆಯದಾದ ಸುದ್ದಿ, ಮತ್ತು ಆ ಸುದ್ದಿಯ ಮೇಲೆ ಎಷ್ಟು ಬಿರುಸಾಗಿ ವರ್ತಿಸಬೇಕು ಎಂಬುದೇ ದಟ್ಟಣೆ ನಿಯಂತ್ರಣದ ಮೂಲ ಪ್ರಶ್ನೆ. ಇದರ ಅತಿ ಸರಳ ರೂಪವಾದ "ವಿಚಲನೆ ಬದಲಾಗುವ ದರ = −(ಬಿರುಸು × ಹಿಂದಿನ ವಿಚಲನೆ)" ಎಂಬ ಸಮೀಕರಣದಲ್ಲಿ (ವಿಚಲನೆ ಎಂದರೆ ಸಮತೋಲನದಿಂದ ದೂರ ಸರಿದಷ್ಟು) ಬಿರುಸು ಮತ್ತು ವಿಳಂಬಗಳ ಗುಣಲಬ್ಧ ಪೈಯ ಅರ್ಧ, ಅಂದರೆ ಸುಮಾರು 1.57 ದಾಟಿದರೆ, ವಿಚಲನೆ ಶಮನವಾಗುವ ಬದಲು ಬೆಳೆಯುತ್ತ ಹೋಗುತ್ತದೆ. ವಿಳಂಬ ಇಮ್ಮಡಿಯಾದರೆ ಬಿರುಸನ್ನು ಅರ್ಧ ಮಾಡಬೇಕು ಎಂಬ ಪಾಠ ಇಲ್ಲಿಂದ ಬರುತ್ತದೆ.

ಈಗ ಇದನ್ನು ಪ್ರೋಗ್ರಾಂನಲ್ಲಿ ನೋಡೋಣ. ಬಫರ್ ತುಂಬುವವರೆಗೆ ಕಾಯದೆ, ಸಾಲು ಬೆಳೆಯುತ್ತಿದ್ದಂತೆಯೇ ಸ್ವಲ್ಪ ಸ್ವಲ್ಪ ಪ್ಯಾಕೆಟ್‌ಗಳನ್ನು ಬೀಳಿಸುವ ರೌಟರ್ ಇದೆ ಎಂದುಕೊಳ್ಳಿ; ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್‌ಸನ್ 1993ರಲ್ಲಿ ಸೂಚಿಸಿದ ರೆಡ್ ಎಂಬ ವಿಧಾನದ ಸರಳ ರೂಪ ಇದು. ಸಾಲು 50 ಪ್ಯಾಕೆಟ್‌ಗಿಂತ ಕಡಿಮೆಯಿದ್ದರೆ ನಷ್ಟ ಶೂನ್ಯ. ಅದಕ್ಕಿಂತ ಹೆಚ್ಚಾದ ಪ್ರತಿ ಪ್ಯಾಕೆಟ್‌ಗೆ ನಷ್ಟದ ಪ್ರಮಾಣ 0.0001ರಷ್ಟು ಏರುತ್ತದೆ. ಹರಿವುಗಳು 20.

ಮೊದಲು ಕೈಲೆಕ್ಕ. ಸಮತೋಲನದಲ್ಲಿ 20 ವಿಂಡೊಗಳ ಮೊತ್ತ ದಾರಿಯ ಹಿಡಿತ ಮತ್ತು ಸಾಲುಗಳ ಮೊತ್ತಕ್ಕೆ ಸಮವಾಗಬೇಕು, ಜೊತೆಗೆ ವಿಂಡೊದ ವರ್ಗ ಗುಣಿಸು ನಷ್ಟ 2 ಆಗಬೇಕು. ಎರಡನ್ನೂ ಹೊಂದಿಸಿದರೆ ಸಾಲು ಸುಮಾರು 74 ಪ್ಯಾಕೆಟ್, ವಿಂಡೊ 28.7, ನಷ್ಟ ಶೇ. 0.24, ಸಾಲಿನಲ್ಲಿ ಕಾಯುವ ಸಮಯ ಸುಮಾರು 9 ಮಿಲಿಸೆಕೆಂಡ್. ಅನಂತರ ಪ್ರೋಗ್ರಾಂನಲ್ಲಿ ಸಮಯವನ್ನು 1 ಮಿಲಿಸೆಕೆಂಡಿನ ತುಣುಕುಗಳಾಗಿ ಮಾಡಿ, ವಿಂಡೊ, ಸಾಲು, ನಷ್ಟ ಮೂರರ ಹಿಂದಿನ ಬೆಲೆಗಳನ್ನೂ ಒಂದು ಪಟ್ಟಿಯಲ್ಲಿ ಉಳಿಸಿಕೊಂಡು, ಪ್ರತಿ ತುಣುಕಿನಲ್ಲಿ "ಹೊಸ ಬೆಲೆ = ಹಳೆಯ ಬೆಲೆ + ಬದಲಾವಣೆಯ ದರ × 0.001" ಎಂದು ಮುಂದುವರಿಯಿರಿ. ಒಂದು ಸುತ್ತು ಹಿಂದಿನ ಬೆಲೆ ಬೇಕಾದಾಗ, ಆಗಿನ ಹೋಗಿಬರುವ ಸಮಯದಷ್ಟು ಹಿಂದಕ್ಕೆ ಹೋಗಿ ಪಟ್ಟಿಯಿಂದ ಓದಿಕೊಳ್ಳಿ. ಆರಂಭವನ್ನು ಸಮತೋಲನದ ಹತ್ತಿರ ಇಡಿ: ವಿಂಡೊ 28, ಸಾಲು 70. ಸಾಲು ಕೆಲವು ಸಲ ತೂಗಾಡಿ 74ರ ಹತ್ತಿರ ನೆಲೆನಿಲ್ಲುತ್ತದೆ.

ಈಗ ಬೇರೇನನ್ನೂ ಮುಟ್ಟದೆ ಹರಿವುಗಳ ಸಂಖ್ಯೆಯನ್ನು 10ಕ್ಕೆ ಇಳಿಸಿ. ಸಮತೋಲನದ ಸಾಲು ಸುಮಾರು 56 ಎಂದು ಕೈಲೆಕ್ಕ ಹೇಳುತ್ತದೆ, ಆದರೆ ಪ್ರೋಗ್ರಾಂನಲ್ಲಿ ಸಾಲು ಅಲ್ಲಿ ನಿಲ್ಲುವುದೇ ಇಲ್ಲ, ಏರಿಳಿಯುತ್ತಲೇ ಇರುತ್ತದೆ. ಹರಿವುಗಳು ಕಡಿಮೆಯಾದರೆ ನೆಮ್ಮದಿ ಹೆಚ್ಚಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹರಿವುಗಳು ಕಡಿಮೆಯಾದಾಗ ಪ್ರತಿಯೊಂದರ ವಿಂಡೊ ದೊಡ್ಡದಾಗುತ್ತದೆ, ಒಂದು ನಷ್ಟಕ್ಕೆ ಅದು ಕಳೆದುಕೊಳ್ಳುವ ಅರ್ಧವೂ ದೊಡ್ಡದಾಗುತ್ತದೆ, ಅಂದರೆ ಹಳೆಯ ಸುದ್ದಿಗೆ ತೋರುವ ಪ್ರತಿಕ್ರಿಯೆ ಬಿರುಸಾಗುತ್ತದೆ. ಮೂರನೆಯದಾಗಿ, 10 ಹರಿವುಗಳ ಅದೇ ಪ್ರೋಗ್ರಾಂನಲ್ಲಿ ಹಿಂದಿನ ಬೆಲೆಗಳ ಜಾಗದಲ್ಲಿ ಈಗಿನ ಬೆಲೆಗಳನ್ನು ಹಾಕಿ ಓಡಿಸಿ. ಏರಿಳಿತವೆಲ್ಲ ಅಡಗಿ ಸಾಲು ಶಾಂತವಾಗುತ್ತದೆ. ಆ ಶಾಂತಿ ಸುಳ್ಳು. ಲೆಕ್ಕ ಸುಲಭವಾಗಲೆಂದು ವಿಳಂಬವನ್ನು ಕೈಬಿಟ್ಟ ಮಾದರಿಯನ್ನು ಸ್ಥಿರತೆಯ ಪ್ರಶ್ನೆಗೆ ಎಂದೂ ಬಳಸಬಾರದು ಎಂಬುದಕ್ಕೆ ಈ ಮೂರು ಓಟಗಳಿಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ಸಾಧ್ಯವಾದರೆ ಮೂರರ ನಕ್ಷೆಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಬಫರ್ ಎಷ್ಟಿರಬೇಕು

ಒಂದೇ ಹರಿವಿಗೆ 500 ಪ್ಯಾಕೆಟ್‌ಗಳ ಬಫರ್ ಬೇಕೆಂದು ಕಂಡೆವು. ಹರಿವುಗಳು ಹಲವಾಗಿ, ಒಂದರ ಹಲ್ಲು ಇನ್ನೊಂದರ ಹಲ್ಲಿಗೆ ಸಂಬಂಧವಿಲ್ಲದಂತಿದ್ದರೆ, ವಿಂಡೊಗಳ ಮೊತ್ತದ ಏರಿಳಿತ ಹರಿವುಗಳ ಸಂಖ್ಯೆಯ ವರ್ಗಮೂಲದಷ್ಟು ಕುಗ್ಗುತ್ತದೆ. ಸ್ಟ್ಯಾನ್‌ಫರ್ಡ್‌ನ ಅಪೆನ್‌ಜೆಲ್ಲರ್, ಕೆಸ್ಲಾಸ್ಸಿ ಮತ್ತು ಮೆಕ್‌ಯೋನ್ 2004ರಲ್ಲಿ ತೋರಿಸಿದ್ದು ಇದನ್ನೇ: ದಾರಿಯ ಹಿಡಿತವನ್ನು √(ಹರಿವುಗಳ ಸಂಖ್ಯೆ)ಯಿಂದ ಭಾಗಿಸಿದಷ್ಟು ಬಫರ್ ಸಾಕು. ಸಾವಿರಾರು ಹರಿವುಗಳನ್ನು ಹೊರುವ ದೊಡ್ಡ ರೌಟರ್‌ಗಳಿಗೆ ಇದು ದೊಡ್ಡ ಉಳಿತಾಯ.

ಮನೆಯ ರೌಟರ್‌ನಲ್ಲಿ ಸಮಸ್ಯೆ ತಲೆಕೆಳಗಾಗಿರುತ್ತದೆ. ಅದೇ 500 ಪ್ಯಾಕೆಟ್‌ಗಳ ಬಫರನ್ನು ಸೆಕೆಂಡಿಗೆ 1 ಮೆಗಾಬಿಟ್‌ನ ಅಪ್‌ಲೋಡ್ ಲಿಂಕ್‌ನ ಮುಂದೆ ಇಟ್ಟರೆ, ಅದು ತುಂಬಿದಾಗ ಕೊನೆಯ ಪ್ಯಾಕೆಟ್ 6 ಸೆಕೆಂಡ್ ಕಾಯಬೇಕು. ಫೋಟೊಗಳು ಅಪ್‌ಲೋಡ್ ಆಗುತ್ತಿರುವಾಗ ವಿದೇಶದಲ್ಲಿರುವ ಮಕ್ಕಳೊಡನೆ ನಡೆಯುತ್ತಿದ್ದ ವಿಡಿಯೊ ಕರೆ ತಡವರಿಸುವುದಕ್ಕೆ ಇದು ಒಂದು ಮುಖ್ಯ ಕಾರಣ. ಈ ಪಿಡುಗಿಗೆ ಜಿಮ್ ಗೆಟ್ಟಿಸ್ ಬಫರ್‌ಬ್ಲೋಟ್ ಎಂಬ ಹೆಸರು ಕೊಟ್ಟರು. ಸಾಲಿನ ಉದ್ದವನ್ನು ಬಿಟ್ಟು ಅದರಲ್ಲಿ ಪ್ಯಾಕೆಟ್ ಕಾದ ಸಮಯವನ್ನೇ ಅಳೆಯುವ ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಮಾದರಿ ಬರೆಯುವವರು ಇದರಿಂದ ಕಲಿಯಬೇಕಾದದ್ದು, ಸಾಲನ್ನು ಪ್ಯಾಕೆಟ್‌ಗಳಲ್ಲಿ ಮಾತ್ರ ತೋರಿಸದೆ ಸಮಯದಲ್ಲಿಯೂ ತೋರಿಸಬೇಕೆಂಬುದು.

ಯಾರಿಗೆ ಎಷ್ಟು ಪಾಲು

ಕೂಡುವುದು ಮತ್ತು ಅರ್ಧ ಮಾಡುವುದು ಎಂಬ ನಿಯಮವೇ ಏಕೆ ಎಂಬುದಕ್ಕೆ 1989ರಲ್ಲಿ ದಾ-ಮಿಂಗ್ ಚಿಯು ಮತ್ತು ರಾಜ್ ಜೈನ್ ಕೊಟ್ಟ ವಿವರಣೆಯನ್ನು ಎರಡು ಸಂಖ್ಯೆಗಳಲ್ಲಿ ಹೇಳಬಹುದು. ಹೋಗಿಬರುವ ಸಮಯ ಒಂದೇ ಆಗಿರುವ ಎರಡು ಹರಿವುಗಳ ವಿಂಡೊಗಳು 800 ಮತ್ತು 200, ವ್ಯತ್ಯಾಸ 600. ಇಬ್ಬರಿಗೂ ಒಂದೊಂದೇ ಕೂಡಿದಾಗ ವ್ಯತ್ಯಾಸ ಬದಲಾಗದು, ಇಬ್ಬರನ್ನೂ ಅರ್ಧ ಮಾಡಿದಾಗ 300, ಮತ್ತೊಮ್ಮೆ 150, ಮತ್ತೆ 75. ಅಸಮಾನತೆ ತಾನಾಗಿಯೇ ಕರಗುತ್ತದೆ.

ಒಂದಕ್ಕಿಂತ ಹೆಚ್ಚು ಲಿಂಕ್‌ಗಳಿಗೆ ಹೋದಾಗ ನ್ಯಾಯ ಎಂದರೇನು ಎಂಬುದೇ ಪ್ರಶ್ನೆಯಾಗುತ್ತದೆ. ತಲಾ 1 ಸಾಮರ್ಥ್ಯದ ಎರಡು ಲಿಂಕ್‌ಗಳು ಸಾಲಾಗಿವೆ. ಒಂದು ಉದ್ದ ಹರಿವು ಎರಡನ್ನೂ ಹಾಯುತ್ತದೆ, ಪ್ರತಿ ಲಿಂಕ್‌ನಲ್ಲಿ ಒಂದೊಂದು ಗಿಡ್ಡ ಹರಿವಿದೆ. ಒಟ್ಟು ಸಾಗಣೆಯೇ ಮುಖ್ಯವೆಂದರೆ ಉದ್ದ ಹರಿವಿಗೆ ಶೂನ್ಯ. ಎಲ್ಲರಿಗೂ ಸಮಪಾಲು ಎಂದರೆ ಅರ್ಧ. ಕೇಂಬ್ರಿಡ್ಜ್‌ನ ಫ್ರಾಂಕ್ ಕೆಲ್ಲಿ ಮತ್ತು ಸಂಗಡಿಗರು 1998ರಲ್ಲಿ ಹೇಳಿದಂತೆ ಎಲ್ಲರ ದರಗಳ ಲಾಗರಿತಮ್‌ಗಳ ಮೊತ್ತವನ್ನು ಗರಿಷ್ಠಗೊಳಿಸಿದರೆ ಉದ್ದ ಹರಿವಿಗೆ ಮೂರನೇ ಒಂದು ಪಾಲು, ಗಿಡ್ಡದ್ದಕ್ಕೆ ಮೂರನೇ ಎರಡು. ಅವರ ಕೊಡುಗೆಯ ಹೆಚ್ಚುಗಾರಿಕೆ, ಪ್ರತಿ ಲಿಂಕ್‌ನ ನಷ್ಟದ ಪ್ರಮಾಣವನ್ನು ಅದರ ಬೆಲೆ ಎಂದು ಓದಿದ್ದರಲ್ಲಿದೆ: ಬೆಲೆ ಕಂಡು ಪ್ರತಿ ಹರಿವೂ ತನ್ನ ದರವನ್ನು ತಾನೇ ಹೊಂದಿಸಿಕೊಂಡರೆ, ಯಾವ ಕೇಂದ್ರದ ಅಪ್ಪಣೆಯೂ ಇಲ್ಲದೆ ಇಡೀ ಜಾಲ ಆ ಗರಿಷ್ಠವನ್ನು ತಲುಪುತ್ತದೆ. ನಮ್ಮ ರೀನೊ ಸಮೀಕರಣವನ್ನು ಈ ಕಣ್ಣಿನಿಂದ ನೋಡಿ, ಎಲ್ಲರ ಹೋಗಿಬರುವ ಸಮಯ ಒಂದೇ ಎಂದುಕೊಂಡು ಬಿಡಿಸಿದರೆ ಉದ್ದ ಹರಿವಿಗೆ 0.414 ಬರುತ್ತದೆ, ಸಮಪಾಲಿಗೂ ಲಾಗರಿತಮ್ ನ್ಯಾಯಕ್ಕೂ ನಡುವಿನ ಒಂದು ಬಿಂದು. ಜಾಲದ ಮಾದರಿ ಕಟ್ಟುವವರು ಪ್ರೋಗ್ರಾಂನ ಮೊದಲ ಪರೀಕ್ಷೆಯಾಗಿ ಈ ಮೂರು ಹರಿವುಗಳನ್ನೇ ಬಳಸಲಿ.

ಯಾದೃಚ್ಛಿಕತೆಯನ್ನು ಎಲ್ಲಿ ಸೇರಿಸಬೇಕು

ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ ಕರೆಗಳ ಆಗಮನಕ್ಕೆ ಪ್ವಾಸೋನ್ ನಿಯಮವನ್ನು (ಆಗಮನಗಳು ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಸರಾಸರಿ ದರದಲ್ಲಿ ಆಗುತ್ತವೆ ಎಂಬ ಊಹೆ) ಅನ್ವಯಿಸಿದಾಗಿನಿಂದ ಸರತಿ ಸಾಲಿನ ಸಿದ್ಧಾಂತ ಬೆಳೆದುಬಂದಿದೆ. ಅದರ ಅತಿ ಸರಳ ಮಾದರಿಯಲ್ಲಿ ಸರಾಸರಿ ವಿಳಂಬ, 1ನ್ನು ಸಾಮರ್ಥ್ಯ ಮತ್ತು ಆಗಮನ ದರಗಳ ವ್ಯತ್ಯಾಸದಿಂದ ಭಾಗಿಸಿದಷ್ಟು. ನಮ್ಮ ಲಿಂಕ್ ಶೇ. 80 ತುಂಬಿದ್ದರೆ 0.6 ಮಿಲಿಸೆಕೆಂಡ್, ಶೇ. 95ಕ್ಕೆ 2.4, ಶೇ. 99ಕ್ಕೆ 12. ಕೊನೆಯ ಕೆಲವು ಶೇಕಡಾ ಸಾಮರ್ಥ್ಯಕ್ಕೆ ತೆರುವ ಬೆಲೆ ಎಷ್ಟೆಂದು ತಿಳಿಯಲು ಇದು ಒಳ್ಳೆಯ ಅಂದಾಜು, ಆದರೆ ಅಷ್ಟಕ್ಕೆ ಮಾತ್ರ. ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಅಳೆದ ಸ್ಥಳೀಯ ಜಾಲದ (ಈಥರ್‌ನೆಟ್) ಸಂಚಾರವನ್ನು ಲೆಲ್ಯಾಂಡ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ವಿಶ್ಲೇಷಿಸಿದಾಗ, ಪ್ಯಾಕೆಟ್‌ಗಳ ಏರಿಳಿತ ದೊಡ್ಡ ಕಾಲಮಾನಗಳಲ್ಲಿಯೂ ನಯವಾಗದೆ ಗೊಂಚಲು ಗೊಂಚಲಾಗಿಯೇ ಉಳಿಯುವುದು ಕಂಡುಬಂತು. ಹೊಸ ಹರಿವುಗಳ ಆರಂಭಕ್ಕೆ ಪ್ವಾಸೋನ್ ಊಹೆಯನ್ನು ಬಳಸಿ, ಪ್ಯಾಕೆಟ್‌ಗಳ ಆಗಮನಕ್ಕೆ ಬಳಸಬೇಡಿ. ಅವುಗಳ ದರ ಟಿಸಿಪಿಯ ಹಿಡಿತದಲ್ಲಿದೆ, ಸ್ವತಂತ್ರವಲ್ಲ.

ಅಳತೆಯೊಡನೆ ಹೋಲಿಕೆ, ಮಾದರಿಯ ಎಲ್ಲೆ

ಮೂರು ಲಿನಕ್ಸ್ ಯಂತ್ರಗಳಿದ್ದರೆ ಮಾದರಿಯನ್ನು ನಿಜದೊಡನೆ ಹೋಲಿಸಬಹುದು: ಒಂದು ಕಳುಹಿಸಲು, ಒಂದು ಪಡೆಯಲು, ನಡುವೆ ಒಂದು ರೌಟರ್. ನಡುವಿನದರಲ್ಲಿ ವೇಗಕ್ಕೆ 100 ಮೆಗಾಬಿಟ್‌ನ ಮಿತಿ ಹಾಕಿ. 60 ಮಿಲಿಸೆಕೆಂಡಿನ ವಿಳಂಬವನ್ನು ನೆಟ್‌ಎಮ್ ಎಂಬ ಲಿನಕ್ಸ್ ಸಾಧನ ಬಳಸಿ ಬೇರೆ ಯಂತ್ರದಲ್ಲಿ ಸೇರಿಸಿ. ಎರಡನ್ನೂ ಒಂದೇ ಕಡೆ ಇಟ್ಟರೆ, ವಿಳಂಬಕ್ಕಾಗಿ ತಡೆಹಿಡಿದ ಪ್ಯಾಕೆಟ್‌ಗಳೂ ಬಫರ್‌ನ ಲೆಕ್ಕಕ್ಕೆ ಸೇರಿ ಫಲಿತಾಂಶ ಕೆಡುತ್ತದೆ. ದಟ್ಟಣೆ ನಿಯಂತ್ರಣದ ಆಯ್ಕೆಯನ್ನು ಕ್ಯೂಬಿಕ್‌ನಿಂದ ರೀನೊಗೆ ಬದಲಿಸಲು ಮರೆಯಬೇಡಿ, ಪಡೆಯುವ ಯಂತ್ರದ ಮೆಮೊರಿ ಮಿತಿ 1000 ಪ್ಯಾಕೆಟ್‌ಗಳಿಗೆ, ಅಂದರೆ 15 ಲಕ್ಷ ಬೈಟ್‌ಗಳಿಗೆ ಸಾಲುವಷ್ಟಿದೆಯೇ ನೋಡಿ. ಐಪರ್ಫ್ ಎಂಬ ವೇಗ ಅಳೆಯುವ ಪ್ರೋಗ್ರಾಂನಿಂದ ಐದಾರು ನಿಮಿಷ ದತ್ತಾಂಶ ಹರಿಸಿ ವಿಂಡೊವನ್ನು ದಾಖಲಿಸಿದರೆ ಸುಮಾರು 45 ಸೆಕೆಂಡಿನ ಹಲ್ಲುಗಳು ಕಾಣಬೇಕು. ಹಲ್ಲಿನ ಅವಧಿ ಅದಕ್ಕಿಂತ ಬಹಳ ಕಡಿಮೆಯಿದ್ದರೆ ಮೊದಲು ಬಫರ್‌ನ ಗಾತ್ರವನ್ನು ಅನುಮಾನಿಸಿ, ಸಮೀಕರಣವನ್ನಲ್ಲ.

ಸಮೀಕರಣವನ್ನೇ ಅನುಮಾನಿಸಬೇಕಾದ ಸಂದರ್ಭಗಳೂ ಇವೆ. ನಮ್ಮ ಲಿಂಕ್‌ನಲ್ಲಿ 100 ಹರಿವುಗಳನ್ನು ಹಾಕಿ, ಸಾಲನ್ನು ಚಿಕ್ಕದಾಗಿ ಇಟ್ಟರೆ, ಪ್ರತಿಯೊಂದರ ವಿಂಡೊ 5ರ ಆಸುಪಾಸಿಗೆ ಬಂದು ನಷ್ಟ ಶೇ. 6 ಎಂದು 1.22ರ ಸೂತ್ರ ಹೇಳುತ್ತದೆ. ಇಷ್ಟು ಸಣ್ಣ ವಿಂಡೊದಲ್ಲಿ ನಷ್ಟವನ್ನು ಬೇಗ ಪತ್ತೆಹಚ್ಚಲು ಬೇಕಾದ ಮೂರು ಮರುಸ್ವೀಕೃತಿಗಳು (ನಡುವಿನ ಪ್ಯಾಕೆಟ್ ಬಾರದಿದ್ದಾಗ ಪಡೆಯುವವರು ಮತ್ತೆ ಮತ್ತೆ ಕಳುಹಿಸುವ ಅದೇ ಸ್ವೀಕೃತಿ) ಎಷ್ಟೋ ಸಲ ಬರುವುದೇ ಇಲ್ಲ. ಕಳುಹಿಸುವವರು ಗಡುವು ಮುಗಿಯುವವರೆಗೆ ಸುಮ್ಮನೆ ಕಾಯುತ್ತಾರೆ. ಆ ಕಾಯುವಿಕೆಯನ್ನೂ ಸೇರಿಸಿದ ಸೂತ್ರವನ್ನು ಪಾಧ್ಯೆ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟಿದ್ದಾರೆ, ನಷ್ಟ ಹೆಚ್ಚಿರುವಲ್ಲಿ ಅದನ್ನೇ ಬಳಸಬೇಕು.

ನಿಸ್ತಂತು ಜಾಲದಲ್ಲಿ ನಷ್ಟಕ್ಕೂ ದಟ್ಟಣೆಗೂ ಸಂಬಂಧವೇ ಇಲ್ಲದಿರಬಹುದು. ಸಂಕೇತ ಕೆಟ್ಟು ಶೇ. 1ರಷ್ಟು ಪ್ಯಾಕೆಟ್‌ಗಳು ಕಳೆದುಹೋದರೆ ವಿಂಡೊ 12ರ ಹತ್ತಿರ ನಿಂತು, 100 ಮೆಗಾಬಿಟ್‌ನ ಖಾಲಿ ಲಿಂಕ್‌ನಲ್ಲಿ ಸಿಗುವುದು ಸುಮಾರು 2.4 ಮೆಗಾಬಿಟ್ ಮಾತ್ರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ನಷ್ಟವಿರುವ ರೇಡಿಯೊ ಲಿಂಕ್‌ನ ಮೇಲೆ ಟಿಸಿಪಿಯ ಬೇರೆ ಬೇರೆ ರೂಪಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದರ ಗಣಿತ ವಿಶ್ಲೇಷಣೆಯನ್ನು 1998ರಲ್ಲಿ ಪ್ರಕಟಿಸಿದ್ದರು. ಇಂಥ ಲಿಂಕ್‌ಗೆ ಮಾದರಿ ಬರೆಯುವಾಗ ನಷ್ಟದ ಪ್ರಮಾಣವನ್ನು ಸಾಲಿನಿಂದ ಬರುವ ಭಾಗ ಮತ್ತು ಗಾಳಿಯಲ್ಲಿ ಕಳೆಯುವ ಭಾಗ ಎಂದು ಎರಡಾಗಿ ಬರೆದುಕೊಳ್ಳಬೇಕು. ಗೂಗಲ್ 2016ರಲ್ಲಿ ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ವಿಧಾನ, ನಷ್ಟವನ್ನು ಮುಖ್ಯ ಸೂಚನೆಯಾಗಿ ನೋಡುವುದನ್ನೇ ಬಿಟ್ಟು, ಲಿಂಕ್‌ನ ಸಾಮರ್ಥ್ಯ ಮತ್ತು ಅತಿ ಕಡಿಮೆ ಹೋಗಿಬರುವ ಸಮಯಗಳನ್ನು ಅಳೆದು, ನಾವು ಆರಂಭದಲ್ಲಿ ಲೆಕ್ಕ ಹಾಕಿದ ದಾರಿಯ ಹಿಡಿತವನ್ನು ತಾನೇ ಅಂದಾಜಿಸುತ್ತದೆ.

ಕೊನೆಯದಾಗಿ, ಗಿಡ್ಡ ಹರಿವುಗಳು. ಒಂದು ಸಾಮಾನ್ಯ ಚಿತ್ರವನ್ನೋ ಪುಟವನ್ನೋ ತರುವ ಹರಿವು ಸಮತೋಲನ ತಲುಪುವ ಮೊದಲೇ ಮುಗಿದುಹೋಗುತ್ತದೆ. ಆರಂಭದ ವಿಂಡೊ 10 ಪ್ಯಾಕೆಟ್, ಪ್ರತಿ ಸುತ್ತಿನಲ್ಲಿ ಅದು ಇಮ್ಮಡಿ. 10, 20, 40, 80 ಎಂದು ನಾಲ್ಕು ಸುತ್ತುಗಳಲ್ಲಿ 150 ಪ್ಯಾಕೆಟ್, ಅಂದರೆ 2,25,000 ಬೈಟ್‌ಗಳು, ನಮ್ಮ ಲಿಂಕ್‌ನಲ್ಲಿ ಕಾಲು ಸೆಕೆಂಡಿನೊಳಗೆ ತಲುಪುತ್ತವೆ. ಅಂಥ ಹರಿವಿಗೆ ಅವಕಲ ಸಮೀಕರಣ ಬರೆಯುವ ಅಗತ್ಯವಿಲ್ಲ. ಫೈಲ್‌ನ ಗಾತ್ರಕ್ಕೆ ಎಷ್ಟು ಸುತ್ತುಗಳು ಬೇಕೆಂದು ಎಣಿಸಿ, ಹೋಗಿಬರುವ ಸಮಯದಿಂದ ಗುಣಿಸಿ, ಉದ್ದ ಹರಿವುಗಳ ಮಾದರಿಯಿಂದ ದೊರೆತ ಸಾಲಿನ ವಿಳಂಬವನ್ನು ಪ್ರತಿ ಸುತ್ತಿಗೂ ಸೇರಿಸಿದರೆ ಸಾಕು.